ಸರಿಸಮಾನರ ಮಾತು

ಹುಮನಾಬಾದ
12 ಜನವರಿ 2025

ತಂಗಿ ಕಾಜಲಗ,

ಕಾಗದ ನೋಡಿ ಗಾಬರಿ ಆಗಬ್ಯಾಡ, ಯಾರಿಗೂ ಏನೂ ಆಗಿಲ್ಲ. ಇದು ಫೋನಿನ್ಯಾಗ ಕೇಳೋ ಮಾತಲ್ಲ, ಅದಕ್ಕ ಬರ್ಯಾಕತ್ತೇನಿ. ಇಲ್ಲಿ ಫೋನ್ ಬಂದ್ರ ಅತ್ತಿ ಮುಂದ ಸ್ಪೀಕರ್ ಹಚ್ಚೇ ಮಾತಾಡಬೇಕು, ಅದು ನಿನಗ ಗೊತ್ತದ. ಮಗ್ಗಲಮನಿ ಅಕ್ಬರಿ ಆಪಾ ಕೈಬಳಿ ಮಾಲ್ ತರಾಕ ಬಸವಕಲ್ಯಾಣಕ್ಕ ಬರ್ತಾಳಲ್ಲ, ಅಕಿ ಕೈಯಾಗ ಕೊಟ್ಟು ಕಳಸಾಕತ್ತೇನಿ. ಜವಾಬೂ ಅಕಿ ಕೈಯಾಗೇ ಕೊಡು.

ಮೊನ್ನಿ ವರ್ಷಾ ನನಗ "ಬ್ರೋ" ಅಂದ್ಲು. ಹೆತ್ತ ತಾಯಿಗಿ! ನಾ ರೊಟ್ಟಿ ಬಡ್ಯಾಕತ್ತಿದ್ದೆ, ಬಂದು "ಬ್ರೋ, ಹಸಿವ್ಯಾಗೇದ" ಅಂದ್ಲು. ಬ್ರೋ ಅಂದ್ರ ಅಣ್ಣತಮ್ಮ ಅಂತ ನನಗೂ ಅಷ್ಟು ಗೊತ್ತದ. ಗಂಡಸರಿಗಿ ಕರದಂಗ ನನ್ನ ಕರ್ಯಾಕ ಯಾಕ ಹತ್ಯಾಳ? ನನಗ ಮರ್ಯಾದಿ ಇಲ್ಲಂತ ಈ ಒಂಬತ್ತು ವರ್ಷದ ಪೋರಿಗೂ ತಿಳೀತೇನು? ಬೆನ್ನಿಗಿ ಒಂದು ಕೊಟ್ಟೆ. ಆಮ್ಯಾಲ ನಾನೇ ಅತ್ತೆ. ಇವರು ನಕ್ಕರು, "ನಿನಗೇನ ತಿಳೀತದ, ಬಿಡು" ಅಂದ್ರು.

ಇನ್ನೊಂದು ಮಾತು ಅದ, ಅದೇ ದೊಡ್ಡದು. ಮುಂದಿನ ವರ್ಷ ಇಲ್ಲಿ ದೊಡ್ಡ ಇಂಗ್ಲಿಷ್ ಸಾಲಿಗಿ ಅಕಿನ್ನ ಹಾಕಬೇಕಂತಾರ. ಆ ಸಾಲ್ಯಾಗ ಕೂಸಿಂದಷ್ಟೇ ಅಲ್ಲ, ಅವ್ವ ಅಪ್ಪ ಇಬ್ಬರ್ದೂ ಇಂಟರ್‌ವ್ಯೂ ಅಂತ. ಸೀಟು ಸಿಗದಿದ್ರ ಪುಣೆದಾಗಿನ ನಾದಿನಿ ಮನಿಗಿ ಕಳಸ್ತೀನಿ ಅಂತ ಇವರು ಅತ್ತಿ ಮುಂದ ಅಂದಾರ. ಅತ್ತಿ ಏನಂದ್ಲು ಗೊತ್ತೇನು? "ಇಲ್ಲಿದ್ರ ತಾಯಿ ಭಾಷಿನೇ ಬರ್ತದ ಪೋರಿಗಿ" ಅಂದ್ಲು.

ನೀ ಹುಟ್ಟಿದ ವರ್ಷ ನಾ ಏಳನೇ ಕ್ಲಾಸಿಗೇ ಸಾಲಿ ಬಿಟ್ಟೆ. ನಿನ್ನ ಎತಗೊಂಡು ನಾರಾಯಣಪುರದ ಗುಡಿ ಹಿಂದ ಆಡು ಕಾದೆ. ಅದನ್ನ ಹೇಳಿ ತೋರ್ಸಾಕತ್ತಿಲ್ಲ. ಈಗ ನೀ ಬಿ.ಎ. ಓದಾಕತ್ತಿ, ನನಗ ಒಂದೀಟು ಕಲಸು. ಸಾಲಿ ಪುಸ್ತಕದ ಇಂಗ್ಲಿಷ್ ಬ್ಯಾಡ, ಅದು ಈಗ ನನ್ನ ತಲಿಗಿ ಹತ್ತಂಗಿಲ್ಲ. ಇವರು, ವರ್ಷಾ ಮನ್ಯಾಗ ಆಡ್ತಾರಲ್ಲ, ಪುಟ್ಟಪುಟ್ಟವು, ಅವು ಬೇಕು. ಲಗೂ ಬರಿ.

ನಿನ್ನ ಅಕ್ಕ
ಸರಿತಾ


ಬಸವಕಲ್ಯಾಣ
26 ಜನವರಿ 2025

ನನ್ನ ಗಾಬರಿ ಅಕ್ಕಗ,

ಮೊದಲ ಮಾತು, ಚಿಲ್! ಅಂದ್ರ ತಂಪಾಗಿರು, ತಲಿ ಬಿಸಿ ಮಾಡಕೋಬ್ಯಾಡ ಅಂತ. ನಿನ್ನ ಪಾಠ ಇಲ್ಲಿಂದ ಸುರು ಆತು ನೋಡು.

ಬ್ರೋ ಅಂದ್ರ ಬೈಗುಳ ಅಲ್ಲಕ್ಕಾ. ಗಂಡು ಹೆಣ್ಣು ಅಂತ ಭೇದನೂ ಇಲ್ಲ ಅದಕ್ಕ. ನಮ್ಮ ಹಾಸ್ಟೆಲ್‌ನ್ಯಾಗ ಹುಡಿಗ್ಯಾರಿಗೆಲ್ಲಾ ಬ್ರೋನೇ. ಯಾರು ಭಾಳ ಹತ್ತಿರದವರೋ, ಯಾರ ಮುಂದ ಅಂಜಿಕಿ ಇಲ್ಲೋ, ಅವರಿಗಿ ಅಂತೀವಿ. ವಾರ್ಡನ್ ಮೇಡಂಗ ಯಾರರ ಬ್ರೋ ಅಂತಾರೇನು? ವರ್ಷಾ ನಿನ್ನ ತನ್ನ ಗೆಳತಿ ಅಂತ ತಿಳಕೊಂಡಾಳ. ನೀ ಬೆನ್ನಿಗಿ ಕೊಟ್ಟಿ, ಶಾಣ್ಯಾಕಿ!

ತಪ್ಪಾತು ಅನ್ನಾಕ "ಮೈ ಬ್ಯಾಡ್" ಅನ್ನು. ಸಾರಿ ಅನ್ನೂದು ಹಳೇದಾತು. ಯಾರರ ಚಿಂತಿ ಮಾಡಿದ್ರ "ನೋ ವರೀಸ್", ಫಿಕರ್ ಬ್ಯಾಡ ಅಂತ. ಇದನ್ನ ನೀ ದಿನಾ ಕನ್ನಡಿ ನೋಡಕೋತ ನಿನಗೇ ಅನಕೋಬೇಕು. ಮತ್ತ ಒಂದದ, "ಕ್ರಿಂಜ್". ಒಬ್ಬರು ಮಾಡಿದ್ದು ನೋಡಿ ಮಂದಿಗಿ ನಾಚಿಕಿ ಬಂದು ಮೈ ಹಿಂಡಿದಂಗ ಆಗ್ತದಲ್ಲ, ಅದು. ಅಪ್ಪ ನನ್ನ ಕಾಲೇಜಿಗಿ ಕಂಬಳಿ ಹೊತಗೊಂಡು ಬಂದಾಗ ಹುಡಿಗ್ಯಾರು ಅಂದಿದ್ರು. ನಾ ನಕ್ಕು ಬಿಟ್ಟೆ.

ಸಾಕು ಇವತ್ತಿಗಿ. ಕಾಗದದಾಗ ಜಾಗ ಉಳಿಲಿಲ್ಲ, ಇಲ್ಲೇ ಅಂಚಿಗಿ ಬರೀತೀನಿ: ಇವೆಲ್ಲಾ ಸರಿಸಮಾನರ ಮಾತು, ಅವರ ಜೋಡಿ ಅಷ್ಟೇ.

ನಿನ್ನ ಕಾಜಲ


ಹುಮನಾಬಾದ
16 ಫೆಬ್ರವರಿ 2025

ತಂಗಿ ಕಾಜಲ,

ನಿನ್ನ ಕಾಗದ ಹಿಟ್ಟಿನ ಡಬ್ಬಿ ಹಿಂದ ಇಟ್ಟೀನಿ. ರೊಟ್ಟಿ ಬಡೀತ ಬಡೀತ ಅನಕೋತೀನಿ. ಒಂದ್ ರೊಟ್ಟಿಗಿ ಚಿಲ್, ಒಂದ್ ರೊಟ್ಟಿಗಿ ಮೈ ಬ್ಯಾಡ್. ಅಕ್ಬರಿ ಆಪಾ ಕೇಳಿ "ಕ್ಯಾ ಮಂತರ್ ಹೈ ಯೇ?" ಅಂದ್ಲು.

ಒಂದು ಮಾತು ಹೇಳ್ತೀನಿ, ನಗಬ್ಯಾಡ. ಮೊನ್ನಿ ಹಿತ್ತಲದಾಗ ವರ್ಷಾನ ತಲಿ ಹಿಕ್ಕಾಕತ್ತಿದ್ದೆ. ಸಿಕ್ಕು ಎಳೀತು. "ಬ್ರೋ! ನೋವಾಗ್ತದ!" ಅಂತ ಚೀರಿದ್ಲು. ನನ್ನ ಬಾಯಿಲಿಂದ ತಾನೇ ಬಂತು ನೋಡು, "ಮೈ ಬ್ಯಾಡ್, ಬ್ರೋ" ಅಂತ. ಪೋರಿ ಅರ್ಧ ಜಡಿ ನನ್ನ ಕೈಯಾಗೇ ಬಿಟ್ಟು ತಿರಗಿ ನೋಡಿದ್ಲು. "ಮಮ್ಮಿ! ಏನಂದಿ? ಇನ್ನೊಮ್ಮೆ ಅನ್ನು!" ಅಂದ್ಲು. ಬಿದ್ದು ಬಿದ್ದು ನಕ್ಕು ನನ್ನ ಕೊಳ್ಳಿಗಿ ಬಿದ್ಲು. ಸಾಲ್ಯಾಗಿಂದೆಲ್ಲಾ ಹೇಳಿದ್ಲು ಆ ದಿನ. ಯಾವ ಟೀಚರ್ ಬೈದ್ಲು, ಯಾವ ಹುಡಿಗಿ ಡಬ್ಬಿ ಕಸಗೊಂಡ್ಲು, ಎಲ್ಲಾ. ಅದಕ್ಕಿಂತ ಮೊದಲ ಇಷ್ಟು ಮಾತು ಅಕಿ ನನ್ನ ಜೋಡಿ ಆಡಿದ್ದು ನನಗ ನೆನಪಿಲ್ಲ.

ಆದ್ರ ತಂಗಿ, ನೀ ಅಂಚಿಗಿ ಬರದದ್ದು ಓದಿ ಎದಿ ಧಸಕ್ಕಂತು. ಸರಿಸಮಾನರ ಜೋಡಿ ಅಷ್ಟೇ ಅಂದಿ. ಈ ಮನ್ಯಾಗ ನನಗ ಸರಿಸಮಾನ ಯಾರದಾರ? ಅತ್ತಿ ಮ್ಯಾಲ, ಇವರು ಮ್ಯಾಲ. ಟ್ರ್ಯಾಕ್ಟರ್ ಹೊಡಿಯೋ ಬಕ್ಕಪ್ಪಗೂ ಮೊದಲು ಚಾ ಕೊಟ್ಟು ಆಮ್ಯಾಲ ನಾ ಕುಡೀತೀನಿ. ಹಿಂಗಾದ್ರ ಈ ಮಾತು ನಾ ಯಾರ ಜೋಡಿ ಆಡ್ಲಿ? ಇಂಟರ್‌ವ್ಯೂದಾಗಿನ ಮೇಡಂ ಅಂತೂ ಎಲ್ಲಾರಕ್ಕಿಂತ ಮ್ಯಾಲ.

ವಿಚಾರ ಮಾಡಿ ಮಾಡಿ ಒಂದು ದಾರಿ ಹುಡಕೀನಿ. ನಾವು ಬಾ ಅನ್ನೂದಕ್ಕ ದೊಡ್ಡೋರಿಗಿ ಬರ್ರಿ ಅಂತೀವಿ, ಹೂಂ ಅನ್ನೂದಕ್ಕ ಹೌದ್ರಿ ಅಂತೀವಿ. ಹಂಗೇ ಇವಕ್ಕೂ ರೀ ಹಚ್ಚಿದ್ರ? "ಚಿಲ್ ರೀ." "ಮೈ ಬ್ಯಾಡ್ ರೀ." ಮರ್ಯಾದಿ ಬಂತಲ್ಲ? ಇದು ನಡೀತದೋ ಇಲ್ಲೋ, ಅಷ್ಟು ಖಾತ್ರಿ ಮಾಡಿ ಹೇಳು. ಏಪ್ರಿಲ್‌ದಾಗ ಇಂಟರ್‌ವ್ಯೂ ಅದ. ನನಗ ಊಟ ಸೇರವಲ್ದು.

ಸರಿತಾ


ಬಸವಕಲ್ಯಾಣ
9 ಮಾರ್ಚ್ 2025

ಅಕ್ಕಾ,

ಭಾಳ ಗಡಿಬಿಡಿ. ಪರೀಕ್ಷಾ ಹತ್ತಿರ ಬಂತು. ಅಕ್ಬರಿ ಆಪಾ ಬಾಗಲದಾಗ ನಿಂತಾಳ, ಬಸ್ ತಪ್ಪತದ ಅಂತಾಳ.

"ಚಿಲ್ ರೀ" ಓದಿ ನಾನು, ನನ್ನ ರೂಮಿನವರು ಹೊಟ್ಟಿ ಹಿಡಕೊಂಡು ನಕ್ಕೀವಿ! ರೀ ಹಚ್ಚಿದ್ರ ನಮ್ಮ ಕಡಿ ಏನು ಹೇಳಿದ್ರೂ ನಡೀತದ ಬಿಡಕ್ಕಾ. ನೀ ಪಾಸೇ.

ನೋ ವರೀಸ್!
ಕಾಜಲ


ಹುಮನಾಬಾದ
10 ಏಪ್ರಿಲ್ 2025

ಕಾಜಲ,

ಇಂಟರ್‌ವ್ಯೂ ಆತು. ಏನಾತು ಅಂತ ನೀನೇ ಓದಿ ಹೇಳು, ಯಾಕಂದ್ರ ಎಲ್ಲಿ ತಪ್ಪಿದೆ ಅಂತ ನನಗ ಇನ್ನೂ ತಿಳೀವಲ್ದು.

ನೀ ಕೊಟ್ಟ ಹಸರು ಸೀರಿ ಉಟಗೊಂಡಿದ್ದೆ. ಮೇಡಂ ಭಾಳ ನಿಧಾನ, ಕನ್ನಡದಾಗೇ ಕುಂದ್ರಿ ಅಂದ್ಲು. ಇವರು ಇಂಗ್ಲಿಷ್‌ನ್ಯಾಗ ಕಬ್ಬಿಂದು, ಟ್ರ್ಯಾಕ್ಟರಿಂದು ಹೇಳಿದ್ರು. ಆಮ್ಯಾಲ ಮೇಡಂ ನನ್ನ ಮಾರಿ ನೋಡಿ ಇಂಗ್ಲಿಷ್‌ನ್ಯಾಗ ಕೇಳಿದ್ಲು, ಮಗಳು ಮನ್ಯಾಗ ಹ್ಯಾಂಗಿರ್ತಾಳ ಅಂತ. ಅಷ್ಟು ನನಗ ತಿಳೀತು. ತಿಳೀತು ಅನ್ನೋ ಖುಷಿಗೇ ನಾ ಕೆಟ್ಟೆ.

"ಚಿಲ್ ರೀ ಮೇಡಂ" ಅಂದೆ.

ಮೇಡಂ ಪೆನ್ ಕೆಳಗಿಟ್ಲು. ಹಿಂದಿನ ಸಾಲಿನ್ಯಾಗ ಸರದಿಗಿ ಕುಂತ ಮಂದ್ಯಾಗ ಯಾರೋ ಕಿಸಕ್ಕಂದ್ರು. ಇವರು ಟೇಬಲ್ ಕೆಳಗ ನನ್ನ ತೊಡಿ ಚೂಟಿದ್ರು. ತಪ್ಪಾತು ಅನ್ನು ಅಂತ ಹೇಳಾಕತ್ತಾರ ಅಂತ ತಿಳದೆ. "ಮೈ ಬ್ಯಾಡ್ ರೀ" ಅಂದೆ. ಮೇಡಂ ತುಟಿ ಕಚ್ಚಿ, "ಸೀಟು ಭಾಳ ಕಮ್ಮಿ ಅವ, ನೋಡ್ತೀವ್ರಿ" ಅಂದ್ಲು. ಅಕಿಗಿ ತ್ರಾಸ ಆಗಬಾರದು ಅಂತ, ನಾ ಕೈ ಮುಗದು, "ನೋ ವರೀಸ್ ರೀ, ಬ್ರೋ ರೀ" ಅಂದೆ. ಎಲ್ಲಾಕ್ಕೂ ರೀ ಹಚ್ಚೀನಿ ಕಾಜಲ. ಒಂದಕ್ಕೂ ಬಿಟ್ಟಿಲ್ಲ.

ಹಿಂದ ಎಲ್ಲಾರೂ ನಕ್ಕರು. ವರ್ಷಾ ತನ್ನ ಬೂಟು ನೋಡಕೋತ ಕುಂತಿದ್ಲು.

ಹೊರಗ ಬಂದು ಅಕಿ ಅಪ್ಪನ ಮಗ್ಗಲಾ ಹಿಡದು ನಡದ್ಲು. ಕೈ ಹಿಡ್ಯಾಕ ಹೋದೆ. ಕೊಸರಕೊಂಡು ಒಂದೇ ಮಾತು ಅಂದ್ಲು. "ಕ್ರಿಂಜ್." ಅದು ನೀನೇ ಕಲಿಸಿದ್ದಿ, ಅರ್ಥ ಯಾರಿಗೂ ಕೇಳೋ ಜರೂರತ್ ಬೀಳಲಿಲ್ಲ.

ಇವರು ಗಾಡ್ಯಾಗ, "ಆಡು ಕಾಯೋ ಬಾಯಿಗಿ ಇದನ್ನ ಯಾರು ಹಚ್ಚಿದ್ರು?" ಅಂತ ಕೇಳಿದ್ರು. ನಾ ಟಿ.ವಿ. ನೋಡಿ ಕಲತೆ ಅಂದೆ. ನಿನ್ನ ಹೆಸರು ಹೇಳಿಲ್ಲ, ನೀ ಅಂಜಬ್ಯಾಡ.

ಸೀಟು ಇಲ್ಲ ಅಂತ ಫೋನ್ ಬಂತು. ಎಲ್ಲಿ ತಪ್ಪಿದೆ, ಬರಿ.

ಸರಿತಾ


ಹುಮನಾಬಾದ
4 ಮೇ 2025

ಕಾಜಲ,

ನಿನ್ನ ಜವಾಬು ಬಂದಿಲ್ಲ. ಅಕ್ಬರಿ ಆಪಾಗ ಹತ್ತು ಸಲ ಕೇಳೀನಿ, ಕಾಗದ ಕೈಯಾಗೇ ಕೊಟ್ಟಿಯೇನು, ಕಳದಿಯೇನು ಅಂತ. "ಕೈಯಾಗೇ ಕೊಟ್ಟೀನಿ, ನನ್ನ ಮುಂದೇ ಓದಿ ಮಡಿಚಿ ಇಟಗೊಂಡ್ಲು" ಅಂತಾಳ. ಆರಾಮ ಇದ್ದಿಯಲ್ಲ? ಜ್ವರ ಗಿರ ಬಂದದೇನು?

ಹಿಂದ ಕುಂತವರು ಯಾರೋ ಆವತ್ತು ನನ್ನ ವಿಡಿಯೋ ಫೋನಿನ್ಯಾಗ ಹಿಡದಾರ. ಅದು ಈಗ ಎಲ್ಲಾರ ಫೋನಿನ್ಯಾಗ ಅದ. ನಾ ಮಾತಾಡೋದು, ನಡುವ ಆಡು ಒದರೋದು, ಹಂಗ ಜೋಡಿಸ್ಯಾರ. ಆಡು ಯಾಕ ಹಚ್ಚಿದ್ರು? ನಾ ಆಡು ಕಾದಾಕಿ ಅಂತ ಅವರಿಗಿ ಹ್ಯಾಂಗ ಗೊತ್ತಾತು? ನನ್ನ ದನಿ ಹಂಗೇ ಕೇಳ್ತದೇನು? ಗಲ್ಲ್ಯಾಗ ಹುಡುಗರು ನನ್ನ ನೋಡಿ "ಚಿಲ್ ರೀ" ಅಂತಾವ. ಹಳ್ಳಿಖೇಡದ ಸಕ್ರಿ ಕಾರ್ಖಾನಿಗಿ ಹೋದಾಗ ಡ್ರೈವರ್‌ಗೋಳು ಇವರಿಗಿ ಅದನ್ನೇ ಅಂದ್ರಂತ. ಇವರು ಮನಿಗಿ ಬಂದು ಊಟ ಮಾಡಲಿಲ್ಲ. ಬೈದಿದ್ರ ಚುಲೋ ಇತ್ತು.

ವರ್ಷಾ ಮನ್ಯಾಗ ಇಂಗ್ಲಿಷೂ ಆಡವಲ್ಲಳು, ಕನ್ನಡನೂ ಆಡವಲ್ಲಳು. ಪುಣೆ ಪಕ್ಕಾ ಆಗ್ಯಾದ. ನಾ ಬ್ಯಾಡ ಅನಬೇಕು ಅಂತ ಬಾಯಿ ತೆರದೆ, ಅತ್ತಿ "ನೀ ಮಾತಾಡಿದ್ದಕ್ಕೇ ಇಷ್ಟಾತು" ಅಂದ್ಲು.

ನಾ ನಿನ್ನ ಕಡಿ ನಾಲ್ಕು ದಿನ ಬಂದು ಹೋಗ್ತೀನಿ. ಹಾಸ್ಟೆಲ್ಲಿಗಿ ಬಂದು ನಿನ್ನ ಕರಕೊಂಡು ನಾರಾಯಣಪುರಕ್ಕ ಹೋಗೋಣು. ಅವ್ವನ ಮಾರಿ ನೋಡಬೇಕು ಅನಸ್ಯಾದ.

ಸರಿತಾ


ಬಸವಕಲ್ಯಾಣ
18 ಮೇ 2025

ಅಕ್ಕಗ ನಮಸ್ಕಾರ.

ನಾನು ಆರಾಮ ಇದ್ದೀನಿ. ಪರೀಕ್ಷಾ ಇತ್ತು, ಅದಕ್ಕ ಬರೀಲಾಕ ಆಗಲಿಲ್ಲ.

ಸಾಲಿ ವಿಷಯ ಓದಿ ಕೆಟ್ಟ ಅನಸ್ತು. ಮನಸ್ಸಿಗಿ ಹಚ್ಚಕೋಬ್ಯಾಡ. ಸದ್ಯ ನೀ ಈ ಕಡಿ ಬರಬ್ಯಾಡ. ಇಲ್ಲಿ ಬಿಸಲು ಭಾಳ ಅದ, ಬಸ್ಸಿನ್ಯಾಗ ಗದ್ದಲ ಅದ, ಹಾಸ್ಟೆಲ್‌ನ್ಯಾಗ ನೀರು ಬರವಲ್ದು. ಅವ್ವಗ ನಾನೇ ಹೇಳ್ತೀನಿ. ಮಳಿ ಬಿದ್ದ ಮ್ಯಾಲ ನೋಡೋಣು.

ಕಾಜಲ


ಹುಮನಾಬಾದ
1 ಜೂನ್ 2025

ತಂಗಿ ಕಾಜಲ,

ಬಿಸಲು ಅಂತ ಬರದಿ. ಬಿಸಲು ಹುಮನಾಬಾದಕ್ಕೂ ಬಿದ್ದದ.

ನಾ ಕೇಳಬಾರದಾಗಿತ್ತು, ಕೇಳಿದೆ. ಅಕ್ಬರಿ ಆಪಾ ಮೊದಲ ಹೇಳಲಿಲ್ಲ, ಆಣಿ ಹಾಕಿಸಿದ ಮ್ಯಾಲ ಹೇಳಿದ್ಲು. ಬಸ್‌ಸ್ಟ್ಯಾಂಡಿನ್ಯಾಗ ನಿನ್ನ ಗೆಳತ್ಯಾರು ಫೋನ್ ಹಿಡಕೊಂಡು ನಿಂತಿದ್ರಂತ. ಆಡಿನ ದನಿ ಅಕಿಗೂ ಕೇಳಿತಂತ. ನಡುವ ನೀ ನಿಂತಿದ್ದಿ ಅಂತ, ನಗಾಕತ್ತಿದ್ದಿ ಅಂತ.

ನಗಲಿ ಬಿಡು. ನಗದಿದ್ರ ಅವರು ನಿನ್ನ ಕೇಳ್ತಿದ್ರು, ಯಾಕ ನಗವಲ್ಲಿ, ಯಾರಾಕಿ ಅಂತ. ನೀನೂ ಆ ಮಂದಿ ಜೋಡಿ ಇರಬೇಕಲ್ಲ. ಇದನ್ನ ಸಿಟ್ಟಿಲಿಂದ ಬರದಿಲ್ಲ. ಸಿಟ್ಟು ಬರಲಿ ಅಂತ ಕಾದೆ, ಬರಲಿಲ್ಲ. ನಾ ಬರಂಗಿಲ್ಲ, ಫಿಕರ್ ಮಾಡಬ್ಯಾಡ.

ಇವತ್ತ ವರ್ಷಾನ ಕರಕೊಂಡು ಹೋದ್ರು. ಮುಂಜಾನಿ ತಲಿ ಹಿಕ್ಕಿದೆ. ಸಿಕ್ಕು ಎಳೀತು, ಭಾಳ ಎಳೀತು, ನಾನೇ ಜರಾ ಎಳದೆ. ಚೀರಲಿ ಅಂತ, ಏನರ ಅನಲಿ ಅಂತ. ಕಣ್ಣಾಗ ನೀರು ತಂದು ಸುಮ್ನೆ ಕುಂತ್ಲು. ಡಬ್ಬಿಗಿ ಶೇಂಗಾದ ಹೋಳಿಗಿ ಕಟ್ಟಿದೆ. ನಾನೂ ಬಸ್‌ಸ್ಟ್ಯಾಂಡ್ ತನಕಾ ಬರ್ತೀನಿ ಅಂದೆ. ಅಪ್ಪನ ಮಾರಿ ನೋಡಿದ್ಲು. ಇವರು ಚೀಲ ಎತಗೊಂಡ್ರು. ಆಗ ಅಕಿನೇ, ಸಣ್ಣ ದನೀಲೆ, "ಬ್ಯಾಡ ಮಮ್ಮಿ, ಅಲ್ಲಿ ಮಂದಿ ಇರ್ತಾರ" ಅಂದ್ಲು.

ಬಾಗಲದಾಗ ನಿಂತು ಕೈ ಮಾಡಿದೆ. ಅಕಿನೂ ಮಾಡಿದ್ಲು, ಗಾಡಿ ತಿರುವಿನ್ಯಾಗ ಹೋದ ಮ್ಯಾಲ ಮಾಡಿದ್ಲೋ ಮೊದಲೇ ಮಾಡಿದ್ಲೋ, ಸರಿ ಕಾಣಲಿಲ್ಲ.

ಸರಿತಾ


ನಾರಾಯಣಪುರ
20 ಜುಲೈ 2025

ಅಕ್ಕಾ,

ಈ ಕಾಗದ ನಾಲ್ಕು ಸಲ ಬರದು ಹರದೀನಿ. ರಜಾಕ್ಕ ಊರಿಗಿ ಬಂದೀನಿ. ಅಪ್ಪ ಸಂತಿಗಿ ಹೋಗ್ಯಾನ. ಅವ್ವ ಗುಡಿ ಹಿಂದ ಆಡು ಬಿಟಗೊಂಡು ಕುಂತಾಳ, ನಾನೂ ಅಲ್ಲೇ ಕಲ್ಲಿನ ಮ್ಯಾಲ ಕುಂತು ಬರ್ಯಾಕತ್ತೀನಿ. ಸರಿತಾ ಯಾಕ ಬರವಲ್ಲಳು ಅಂತ ಅವ್ವ ಕೇಳ್ತಾಳ. ಅಕಿಗೂ ಬಿಸಲು ಅಂದಿದ್ದೆ. ಈಗ ಮಳಿ ಸುರು ಆಗ್ಯಾದ, ಇನ್ನ ಏನು ಹೇಳ್ಲಿ?

ನಾ ನಕ್ಕೆ. ಖರೇ. ಮೊದಲ ನೋಡಿದಾಗ ನೀ ಅಂತ ಗೊತ್ತಾಗೋದಕ್ಕಿಂತ ಮೊದಲ ನಕ್ಕೆ. ಆಮ್ಯಾಲ ಆ ಹಸರು ಸೀರಿ ಕಂಡೆ. ಆಮ್ಯಾಲೂ ನಗೂ ನಿಲ್ಲಿಸಲಿಲ್ಲ. "ನಿಮ್ಮ ಕಡಿ ಮಂದಿ ಹಿಂಗೇ ಮಾತಾಡ್ತಾರೇನು?" ಅಂತ ಒಬ್ಬಾಕಿ ಕೇಳಿದ್ಲು. "ನಮ್ಮ ಕಡ್ಯಾಕಿ ಅಲ್ಲ" ಅಂದೆ.

ನೀ ಎಲ್ಲಿ ತಪ್ಪಿದಿ ಅಂತ ಕೇಳಿದ್ದಿ. ನಾ ನಿನಗ ಮಾತು ಕಲಿಸಿದೆ, ಯಾರ ಮುಂದ ಆಡಬಾರದು ಅನ್ನೂದನ್ನ ಅಂಚಿನ್ಯಾಗ ಬರದೆ. ನೀ ಕೇಳಿದಾಗ ಮಜಾಕ್ ಮಾಡಿದೆ. ಆ ಮಾತಿಗಿ ರೀ ಹತ್ತಂಗಿಲ್ಲ ಅಕ್ಕಾ. ರೀ ಅನ್ನೋ ಜಾಗಾದಾಗ ಆ ಮಾತು ಇರಂಗಿಲ್ಲ, ಆ ಮಾತಿರೋ ಜಾಗಾದಾಗ ರೀ ಇರಂಗಿಲ್ಲ. ಇಷ್ಟೇ ಇತ್ತು ಬರ್ಯಾಕ. ಬಸ್ ತಪ್ಪತದ ಅಂತ ಬರೀಲಿಲ್ಲ.

ಬಾ. ನಾನೇ ಬಸ್‌ಸ್ಟ್ಯಾಂಡಿಗಿ ಬಂದು ನಿಂದ್ರತೀನಿ. ಯಾರಿದ್ರೂ ನಿಂದ್ರತೀನಿ.

ಕಾಜಲ


ಹುಮನಾಬಾದ
10 ಆಗಸ್ಟ್ 2025

ಕಾಜಲ,

ನಿನ್ನ ಕಾಗದ ಮುಟ್ಟಿತು. ಅಳಬ್ಯಾಡ. ಬರ್ತೀನಿ ಅಂತ ಬರ್ಯಾಕ ಕೈ ಬರವಲ್ದು. ಬರಂಗಿಲ್ಲ ಅಂತನೂ ಬರ್ಯಾಂಗಿಲ್ಲ. ಅವ್ವಗ ಮಳಿ ಭಾಳ ಅದ ಅಂತ ಹೇಳು.

ಇವತ್ತ ಆಯ್ತವಾರ. ಆಯ್ತವಾರಕ್ಕೊಮ್ಮೆ ಪುಣೆಲಿಂದ ಫೋನ್ ಬರ್ತದ. ಸ್ಪೀಕರ್ ಹಚ್ಚಿ ನಡುಮನ್ಯಾಗ ಇಡ್ತಾರ, ಸುತ್ತಾ ಎಲ್ಲಾರೂ ಕುಂದ್ರತಾರ. ನಾ ಬಾಗಲಕ್ಕ ಒರಗಿ ನಿಂದ್ರತೀನಿ. ಹಿಂದಿನ ಆಯ್ತವಾರ ಎಲ್ಲಾ ವರ್ಷಾ ನನ್ನ ಕೇಳೇ ಇರಲಿಲ್ಲ. ಇವತ್ತ ಕೇಳಿದ್ಲು.

"ಹೆಲೋ ಮಮ್ಮಿ. ಹೌ ಆರ್ ಯು. ಐ ಆಮ್ ಫೈನ್. ಫುಡ್ ಈಸ್ ಗುಡ್. ಟೇಕ್ ಕೇರ್."

ಒಂದೊಂದೇ ಮಾತು, ತೊಳದು ಇಟ್ಟಂಗ. ಒಂದೂ ನನಗ ತಿಳೀಲಾರದ್ದು ಇರಲಿಲ್ಲ. ಅತ್ತಿ "ನೋಡು, ಹ್ಯಾಂಗ ಮರ್ಯಾದಿಲಿಂದ ಮಾತಾಡಾಕತ್ಯಾಳ!" ಅಂತ ತೊಡಿ ಬಡಕೊಂಡ್ಲು. ಆ ಕಡಿಲಿಂದ ನಾದಿನಿ ಹೇಳಿದ್ಲು, "ಆ ಹಲ್ಕಟ್ ಮಾತೆಲ್ಲಾ ಬಿಡಸೀನಿ ವೈನಿ. ದೊಡ್ಡೋರ ಜೋಡಿ ಹ್ಯಾಂಗ ಮಾತಾಡಬೇಕು ಅಂತ ಕಲಸೀನಿ."

ದೊಡ್ಡೋರು ಅಂದ್ರ ನಾನು. ಇಷ್ಟು ವರ್ಷ ಈ ಮನ್ಯಾಗ ನಾ ಯಾರಿಗೂ ದೊಡ್ಡಾಕಿ ಆಗಿರಲಿಲ್ಲ ಕಾಜಲ. ಈಗ ನನ್ನ ಮಗಳಿಗಿ ಆದೆ.

ನಾ ಕೇಳಿದ್ದೆ ನೋಡು, ಈ ಮನ್ಯಾಗ ನನಗ ಸರಿಸಮಾನ ಯಾರದಾರ ಅಂತ. ಇದ್ಲು. ರೊಟ್ಟಿ ಬಡಿಯೋ ಹೊತ್ತಿನ್ಯಾಗ ಬಂದು ಹಸಿವ್ಯಾಗೇದ ಅಂದಿದ್ಲು. ಬೆನ್ನಿಗಿ ಕೊಟ್ಟು ಕಳಸಿದೆ.

"ಹೂಂ" ಅಂದೆ ಫೋನಿಗಿ. ಮತ್ತೇನು ಅನ್ನಲಿ, ಎಲ್ಲಾರೂ ನನ್ನ ಬಾಯಿ ನೋಡಾಕತ್ತಿದ್ರು. ಫೋನ್ ಕಟ್ ಆತು. ಅತ್ತಿ ಎದ್ದು ಒಳಗ ಹೋದ್ಲು, ಇವರು ಚಪ್ಪಲ್ ಮೆಟ್ಟಿ ಹೊರಗ ಹೋದ್ರು. ಫೋನ್ ಅಲ್ಲೇ ಚಾಪಿ ಮ್ಯಾಲ ಬಿದ್ದಿತ್ತು, ಕರ್ರಗ. ಅದರ ಮುಂದ ಕುಂತೆ.

"ಬ್ರೋ" ಅಂದೆ.

ರೀ ಹಚ್ಚಲಿಲ್ಲ.

ಸರಿತಾ